ಶಿವಗಂಗಮ್ಮ ಹುಡುಕಿದ ಜರಡಿ

ಹೆದರಿಕೆಗೆ ಸೀರೆ ಉಡಿಸಿದರೆ ಶಿವಗಂಗಮ್ಮ ಎಂದು ಅರಸೀಕೆರೆಯ ಪೇಟೆಬೀದಿಯವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವವರಿಗೇನು, ಎಲುಬಿಲ್ಲದ ನಾಲಗೆ! ಹಾರನಹಳ್ಳಿಯ ತೆಂಗಿನ ತೋಟದ ಮನೆಯಲ್ಲಿ ಹುಟ್ಟಿದವಳು, ಹದಿನಾಲ್ಕನೇ ವಯಸ್ಸಿಗೆ ಕೊಬ್ಬರಿ ವ್ಯಾಪಾರಿ ಕೆಂಚಪ್ಪನ ಕೈ ಹಿಡಿದು ಬಂದಳು. ಗುಡುಗಿದರೆ ಹೆದರುವಳು, ಹಲ್ಲಿ ಲೊಚಗುಟ್ಟಿದರೆ ಹೆದರುವಳು. ರೈಲು ಕೂಗಿದರೂ ಬೆಚ್ಚುವಳು; ಜಂಕ್ಷನ್ನಿನ ಊರಿನಲ್ಲಿ ರೈಲು ಕೂಗದ ಗಳಿಗೆ ಯಾವುದಿದೆ ಹೇಳಿ. ಒಮ್ಮೆ ಗಂಡನ ಜೊತೆ ಬಸ್ಸಿನಲ್ಲಿ ಬೇಲೂರಿಗೆ ಹೊರಟವಳು ಹಳೇಬೀಡು ಬರುವ ತನಕ ಕಣ್ಣೇ ಬಿಡಲಿಲ್ಲವಂತೆ.

ನಗುವವರು ನಗಲಿ. ಹೆತ್ತ ಎರಡು ಮಕ್ಕಳೂ ಅವಳ ಕೈಗೆ ಹತ್ತಲಿಲ್ಲ. ಉಳಿದವನು ಗಂಡ ಒಬ್ಬನೇ. ಅಂಥವಳು ಹೆದರದೆ ಇನ್ಯಾರು ಹೆದರಬೇಕು?

ಎಲ್ಲಕ್ಕಿಂತ ಹೆಚ್ಚಾಗಿ ಅವಳು ಹೆದರುತ್ತಿದ್ದದ್ದು ಕರೆಂಟಿಗೆ. ತವರಿನಲ್ಲಿ ಮಳೆಗಾಳಿಗೆ ಹರಿದುಬಿದ್ದ ತಂತಿ ತುಳಿದು ಜೋಡಿ ಎತ್ತು ನಿಂತಲ್ಲೇ ಕುಸಿದದ್ದನ್ನು ಕಣ್ಣಾರೆ ಕಂಡಿದ್ದಳು. ಅಂದಿನಿಂದ ದೀಪದ ಸ್ವಿಚ್ಚನ್ನು ಸಹ ಮುಟ್ಟಿದವಳಲ್ಲ. ಕತ್ತಲಾದರೆ ಯಾರಾದರೂ ಬಂದು ಹಾಕುವವರೆಗೆ ಕತ್ತಲಲ್ಲೇ ಕೂತಿರುತ್ತಿದ್ದಳು.

ಮೂವತ್ತು ವರ್ಷ ತೆಂಗಿನ ಸಿಪ್ಪೆಯ ಧೂಳು ಕುಡಿದ ಕೆಂಚಪ್ಪನಿಗೆ ಅರವತ್ತೈದನೇ ಇಸವಿಯ ಹೊತ್ತಿಗೆ ಉಬ್ಬಸ ಗಟ್ಟಿಯಾಗಿ ಅಂಟಿಕೊಂಡಿತು. ಬೆಂಗಳೂರಿನ ಡಾಕ್ಟರು ಎದೆ ತಟ್ಟಿ ನೋಡಿ, ಧೂಳಿಲ್ಲದ ತಣ್ಣನೆ ಕೋಣೆಯಲ್ಲಿ ಮಲಗಿಸಿ ಎಂದರು. ಹಾಗಾಗಿ ಮರುವರ್ಷದ ಮಾಘಮಾಸದಲ್ಲಿ, ಮರದ ಪೆಟಾರಿಯಲ್ಲಿ ಕೂತು, ಗೂಡ್ಸ್ ಗಾಡಿ ಹತ್ತಿ ತಂಪಿನ ಮಿಷನ್ನು ಬಂತು. ಬೆಂಗಳೂರಿನಿಂದ ಬಂದ ಮೆಕ್ಯಾನಿಕ್ಕು ನಡುಕೋಣೆಯ ಕಿಟಕಿ ಕಿತ್ತು ಅದನ್ನು ಕೂರಿಸಿ, ಉಳಿದ ಸಂದುಗೊಂದೆಲ್ಲ ಮೆತ್ತಿ ಮುಚ್ಚಿದ. ಹೊರಡುವ ಗಡಿಬಿಡಿಯಲ್ಲಿ ಮಂಡಿಯ ಗುಮಾಸ್ತ ಅನಂತರಾಮುವಿಗೆ, “ತಿಂಗಳಿಗೊಂದು ಸಲ ಒಳಗಿನ ಜರಡಿ ತೊಳೀರಿ, ಎಲ್ಲಾ ಪುಸ್ತಕದಲ್ಲಿದೆ” ಎಂದು ಹೇಳಿ ರೈಲಿಗೆ ಓಡಿದ. ಯಾವ ಜರಡಿ, ಎಲ್ಲಿದೆ ಎಂದು ಕೇಳಬೇಕೆಂಬುದು ಅನಂತರಾಮುವಿಗೆ ಹೊಳೆದದ್ದು ರೈಲು ಹೋದ ಮೇಲೆ.

ಪುಸ್ತಕವಾದರೂ ಸಿಕ್ಕಿದ್ದರೆ ಓದುತ್ತಿದ್ದನೋ ಏನೋ. ಆದರೆ ಮಿಷನ್ನು ಬಂದದ್ದು ಸೋಮವಾರ. ಮನೆಗೆ ಬಂದ ತಕ್ಕಡಿಯನ್ನೂ ಪೂಜೆ ಮಾಡದೆ ಮುಟ್ಟದ ವಂಶ ಅದು. ಶಿವಗಂಗಮ್ಮ ಗುರುಗುಟ್ಟುವ ಆ ಪೆಟ್ಟಿಗೆಗೆ ದೂರದಿಂದಲೇ ಕೈ ಚಾಚಿ ಮೂರು ಬೆರಳಲ್ಲಿ ವಿಭೂತಿ ಎಳೆದಳು, ಕಾಯಿ ಒಡೆಸಿದಳು. ಅದರ ಪುಸ್ತಕವನ್ನು ದೇವರ ಕೋಣೆಯಲ್ಲಿ ಮಠದ ಪ್ರಸಾದದ ಜೊತೆ ಇಟ್ಟುಬಿಟ್ಟಳು. ಪೂಜೆಗೆ ಇಟ್ಟದ್ದನ್ನು ಕೊಡಿ ಎಂದು ಗುಮಾಸ್ತ ಕೇಳುವುದುಂಟೇ? ಅವನೂ ಸುಮ್ಮನಾದ.

ಅಲ್ಲಿಂದ ಪ್ರತಿ ಸೋಮವಾರ ಪೆಟ್ಟಿಗೆಯ ಮೋರೆಗೆ ಹೊಸ ವಿಭೂತಿ. ಪ್ರತಿ ಸಂಜೆ ಬಾಗಿಲು ಹಾಕಿಕೊಂಡು ಸಾಂಬ್ರಾಣಿ ಧೂಪ. ಮನುಷ್ಯರ ಕಾಯಿಲೆಗೂ ಪೆಟ್ಟಿಗೆಯ ಕೋಪಕ್ಕೂ ಅವಳಿಗೆ ಗೊತ್ತಿದ್ದ ಮದ್ದು ಅದೊಂದೇ. ನಡುಗುತ್ತಲೇ ಬದುಕಿದ ಹೆಂಗಸು ಕೈಯಲ್ಲಿ ಧೂಪದ ಬಟ್ಟಲು ಹಿಡಿದಾಗ ಮಾತ್ರ ನೆಟ್ಟಗೆ ನಿಲ್ಲುತ್ತಿದ್ದಳು.

ಎರಡು ತಿಂಗಳು ಕೆಂಚಪ್ಪ ಸುಖವಾಗಿ ಮಲಗಿದ. ಚೈತ್ರದ ಬಿಸಿಲು ಏರಿದ ಹಾಗೆ ಪೆಟ್ಟಿಗೆಯ ಗಾಳಿ ಇಳಿಯಿತು. ಸದ್ದು ಮಾತ್ರ ಇತ್ತು, ತಂಪು ಇರಲಿಲ್ಲ. ಕೆಳಗಿನಿಂದ ನೀರು ತೊಟ್ಟಿಕ್ಕತೊಡಗಿತು. ಕೆಂಚಪ್ಪನ ಎದೆಯಲ್ಲಿ ಮತ್ತೆ ಸಿಳ್ಳೆ ಶುರುವಾಯಿತು. ಯಂತ್ರ ಮುನಿದಿದೆ ಎಂದುಕೊಂಡು ಶಿವಗಂಗಮ್ಮ ಧೂಪವನ್ನು ಎರಡು ಹೊತ್ತಿಗೆ ಏರಿಸಿದಳು.

ಒಂದು ಮಂಗಳವಾರ ಮಧ್ಯಾಹ್ನ ಕೆಂಚಪ್ಪನಿಗೆ ಮಾತೇ ನಿಂತುಹೋಯಿತು. ದಿಂಬಿಗೆ ಒರಗಿ, ಎರಡೂ ಕೈ ಮಂಡಿಗೆ ಊರಿ, ಒಂದೊಂದು ಉಸಿರನ್ನೂ ಬಾವಿಯಿಂದ ನೀರು ಸೇದಿದ ಹಾಗೆ ಸೇದುತ್ತಿದ್ದ. ತುಟಿ ನೀಲಿಗೆ ತಿರುಗುತ್ತಿತ್ತು. ಬಾಗಿಲು ತೆಗೆಯೋಣವೆಂದರೆ ಅಂಗಳದಲ್ಲಿ ಸಿಪ್ಪೆ ಸುಲಿದ ಧೂಳು ಕಾದು ನಿಂತಿತ್ತು. ಬೆಂಗಳೂರಿಗೆ ತಂತಿ ಹೊಡೆದದ್ದಕ್ಕೆ, ಮೆಕ್ಯಾನಿಕ್ಕು ಶುಕ್ರವಾರ ಬರುತ್ತಾನೆ ಎಂಬ ಉತ್ತರ ಬಂದಿತ್ತು.

“ಶುಕ್ರವಾರದ ಗಂಟ ಇವರು ಇರ್ತಾರೇನ್ರೀ?” ಎಂದಳು ಶಿವಗಂಗಮ್ಮ, ಬಾಗಿಲಲ್ಲಿ ನಿಂತಿದ್ದ ಅನಂತರಾಮುವಿಗೆ.

ಅನಂತರಾಮು ತಲೆ ತಗ್ಗಿಸಿದ. “ಅಮ್ಮಾವ್ರೇ, ಜರಡಿ ತೊಳೀಬೇಕು ಅಂದಿದ್ರು ಆತ. ಎಲ್ಲಿದೆ ಅಂತ ನನಗೆ ತಿಳೀದು. ಪುಸ್ತಕ ಇದ್ದರೆ...”

ಅವಳು ದೇವರ ಕೋಣೆಗೆ ಓಡಿ ಪುಸ್ತಕ ತಂದಳು. ಅವನು ಹಾಳೆ ತಿರುವಿ ಒಂದು ಚಿತ್ರದ ಮೇಲೆ ಬೆರಳಿಟ್ಟ. ಪೆಟ್ಟಿಗೆಯ ಮುಖದ ತಟ್ಟೆಯನ್ನು ಒಂದು ಕೈ ಎತ್ತಿ ಹಿಡಿದಿತ್ತು. ಇನ್ನೊಂದು ಕೈ ಸ್ಲೇಟಿನಂಥದ್ದನ್ನು ಹೊರಗೆಳೆಯುತ್ತಿತ್ತು. ಕೆಳಗೆ ಇಂಗ್ಲಿಷಿನಲ್ಲಿ ದಪ್ಪಕ್ಷರದ ಎಚ್ಚರಿಕೆ. ಅದನ್ನು ಓದಿದ್ದೇ ಅನಂತರಾಮುವಿನ ಬೆರಳು ಹಿಂದಕ್ಕೆ ಸರಿಯಿತು. “ಕರೆಂಟು ಹೊಡೆದು ಸಾಯೋದೂ ಉಂಟಂತೆ ಅಮ್ಮಾವ್ರೇ. ಸ್ವಿಚ್ಚು ಆರಿಸದೆ ಮುಟ್ಟಬಾರದಂತೆ. ಆರಿಸಿದ ಮೇಲೂ ಏನೋ... ನಾನು ಮಕ್ಕಳೊಂದಿಗ. ಓಡಿಹೋಗಿ ಡಾಕ್ಟರನ್ನ ಕರ್ಕೊಂಡು ಬರ್ತೀನಿ,” ಎಂದವನೇ ಚಪ್ಪಲಿ ಮೆಟ್ಟಿಕೊಂಡ. ಊರಿಗೆಲ್ಲ ಹೆದರುಪುಕ್ಕಲಿ ಅನ್ನಿಸಿಕೊಂಡವಳು ಅವಳು, ಓಡಿದವನು ಇವನು.

ಕೋಣೆಯಲ್ಲಿ ಗಂಡನ ಸಿಳ್ಳೆ, ಪೆಟ್ಟಿಗೆಯ ಗುರುಗುರು, ಅವಳು. ಡಾಕ್ಟರು ಹಳ್ಳಿಗೆ ಹೋಗಿದ್ದರೆ? ಬರುವುದರೊಳಗೆ ಈ ಸಿಳ್ಳೆ ನಿಂತುಬಿಟ್ಟರೆ? ಅವಳ ಕಣ್ಣ ಮುಂದೆ ಆ ಜೋಡಿ ಎತ್ತು ಮತ್ತೊಮ್ಮೆ ಕುಸಿದವು. ಆಮೇಲೆ, ತಾನು ಸತ್ತರೆ ಇವರು ಬದುಕಬಹುದು, ಇವರು ಸತ್ತರೆ ತಾನಂತೂ ಬದುಕುವುದಿಲ್ಲ ಎಂಬ ಲೆಕ್ಕ ಹೇಗೋ ಹೊಳೆಯಿತು.

ಒಣ ಮರಕ್ಕೆ ಕರೆಂಟು ಹತ್ತದೆಂದು ಕೇಳಿದ್ದವಳು ಅಡಿಗೆಮನೆಯಿಂದ ಊಟದ ಮಣೆ ತಂದು ಅದರ ಮೇಲೆ ನಿಂತಳು. ಒಣಗಿದ ಲಟ್ಟಣಿಗೆಯಿಂದ ಸ್ವಿಚ್ಚನ್ನು ಮೇಲಕ್ಕೆ ತಳ್ಳಿದಳು. ಮೊದಲ ಸಲ ಜಾರಿತು. ಎರಡನೇ ಸಲ ಗುರುಗುರು ನಿಂತಿತು. ಕೈಗೆ ಒಣ ಗೋಣಿ ಸುತ್ತಿಕೊಂಡು, “ಶಿವಾ, ಶಿವಾ” ಎನ್ನುತ್ತ, ಚಿತ್ರದ ಕೈ ಹಿಡಿದಿದ್ದ ಜಾಗದಲ್ಲೇ ಹಿಡಿದು ತಟ್ಟೆಯನ್ನು ಎತ್ತಿದಳು. ತಟ್ಟೆ ಹಲ್ಲು ಕಡಿದಂತೆ ಕಟಕಟ ಎಂದಿತು.

ಒಳಗೆ ಜರಡಿಯಂಥದ್ದೇನೂ ಕಾಣಲಿಲ್ಲ. ಕರೀ ಕಂಬಳಿ ತುಂಡೊಂದನ್ನು ತುರುಕಿದ ಹಾಗಿತ್ತು. ಅಂಚು ಹಿಡಿದು ಎಳೆದಳು. ಸ್ಲೇಟಿನಂತೆ ಸರಿದು ಹೊರಗೆ ಬಂತು. ಉಗುರಿನಿಂದ ಕೆರೆದಾಗ ಕಂಬಳಿ ಹೊಪ್ಪಳೆಯಾಗಿ ಎದ್ದು, ಕೆಳಗೆ ಸಣ್ಣ ಕಣ್ಣಿನ ಜರಡಿ ಕಂಡಿತು. ಕೆರೆದದ್ದನ್ನು ಮೂಗಿನ ಹತ್ತಿರ ಹಿಡಿದಳು.

ವಿಭೂತಿ. ಸಾಂಬ್ರಾಣಿ. ಅವಳದೇ ಪೂಜೆ.

ಕರೆಂಟು ಹೊಡೆದರೂ ಅಷ್ಟು ಹೊಡೆಯುತ್ತಿರಲಿಲ್ಲ. ಅಯ್ಯೋ, ಇಷ್ಟು ದಿನ ಇವರ ಉಸಿರಿನ ಬಾಯಿಗೆ ನಾನೇ ಬಟ್ಟೆ ತುರುಕಿದೆನಲ್ಲ! ಅಳುವುದಕ್ಕೆ ಹೊತ್ತಿರಲಿಲ್ಲ. ಬಚ್ಚಲಿಗೆ ಒಯ್ದು ಸೀಗೆಪುಡಿ ಹಾಕಿ ತಿಕ್ಕಿದಳು. ಚೊಂಬಿನ ಮೇಲೆ ಚೊಂಬು ಸುರಿದರೂ ಬೂದಿನೀರು ಹರಿಯುತ್ತಲೇ ಇತ್ತು. ತಿಳಿಯಾದ ಮೇಲೆ ಸೆರಗಿನಿಂದ ಒತ್ತಿ ಒತ್ತಿ ಒರೆಸಿ, ಒಲೆಯ ಮಗ್ಗುಲಲ್ಲಿ ಹಿಡಿದು ಒಣಗಿಸಿ, ತೆಗೆದ ಹಾಗೆಯೇ ಸೇರಿಸಿದಳು. ಮತ್ತೆ ಮಣೆ ಹತ್ತಿ, ಲಟ್ಟಣಿಗೆಯಿಂದ ಸ್ವಿಚ್ಚು ಕೆಳಗೆ ಒತ್ತಿ, ಕಣ್ಣು ಮುಚ್ಚಿಕೊಂಡಳು.

ಹಣೆಗೆ ತಣ್ಣನೆ ಗಾಳಿ ಬಡಿಯಿತು.

ಡಾಕ್ಟರು ಬಂದು ಸೂಜಿ ಚುಚ್ಚುವ ಹೊತ್ತಿಗೆ ಕೆಂಚಪ್ಪನ ತುಟಿಗೆ ಕೊಂಚ ಬಣ್ಣ ಬಂದಿತ್ತು. ಇನ್ನು ಈ ಕೋಣೆಯಲ್ಲಿ ಒಂದು ಎಳೆ ಹೊಗೆ ಕಂಡರೂ ನನ್ನನ್ನು ಕರೆಯಬೇಡಿ ಎಂದು ಡಾಕ್ಟರು ಗದರಿ ಹೋದರು. ಸಂಜೆ ಕಣ್ಣು ಬಿಟ್ಟ ಕೆಂಚಪ್ಪನ ಮಂಚದ ಪಕ್ಕ ಶಿವಗಂಗಮ್ಮ ನೆಲದ ಮೇಲೆ ಕೂತಿದ್ದಳು. ಮುಚ್ಚಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಮುಚ್ಚಿಡಲಿಲ್ಲ.

“ನಿಮ್ಮ ಉಸಿರು ಕಟ್ಟಿಸಿದ್ದು ನಾನೇ ಕಣ್ರೀ. ಜರಡಿ ತುಂಬ ನನ್ನ ವಿಭೂತಿ, ನನ್ನ ಧೂಪದ ಮಸಿ. ಅದೇ ಕಂಬಳಿ ಹಂಗೆ ಮೆತ್ಕಂಡಿತ್ತು.”

ಕೆಂಚಪ್ಪ ಅವಳ ಕಡೆ ಹೊರಳಿದ. “ಜರಡಿ ವಿಚಾರ ನಂಗೊತ್ತಿರಲಿಲ್ಲ,” ಎಂದ ಮೆಲ್ಲಗೆ. “ಹೊಗೆ ವಿಚಾರ ಗೊತ್ತಿತ್ತು. ನೀನು ಧೂಪ ಹಾಕಿದಾಗೆಲ್ಲ ಎದೆ ಹಿಡ್ಕೊಳ್ಳೋದು.”

“ಮತ್ತೆ ಯಾಕೆ ಹೇಳಲಿಲ್ಲ?”

“ಜೀವಮಾನದಾಗೆ ನೀನು ಹೆದರದಂಗೆ ಮಾಡ್ತಿದ್ದ ಕೆಲಸ ಅದೊಂದೇ ಕಣೇ. ಅದನ್ನೂ ಕಿತ್ಕಳ್ಳಾಕೆ ಮನಸ್ಸು ಬರಲಿಲ್ಲ.”

ಶಿವಗಂಗಮ್ಮನಿಗೆ ಈಗ ಅರ್ಥವಾಯಿತು. ತನ್ನ ಹೆದರಿಕೆಯನ್ನು ಈ ಮನುಷ್ಯ ಉಸಿರು ಕೊಟ್ಟು ಸಾಕುತ್ತಿದ್ದ. ಇನ್ನೊಂದು ಗಳಿಗೆ ತಡವಾಗಿದ್ದರೆ ಪ್ರಾಣವನ್ನೇ ಕೊಟ್ಟು, ಏನೂ ಹೇಳದೆ ಹೋಗಿಬಿಡುತ್ತಿದ್ದ. ಎಂದೂ ಗಂಡನಿಗೆ ಎದುರಾಡದವಳು ಅವನ ತೋಳನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಳು.

“ನಾನು ಹೆದರಿ ಸತ್ರೂ ಚಿಂತೆಯಿಲ್ಲ. ಇನ್ಮೇಲೆ ಹೇಳ್ರೀ,” ಎಂದು ಕಿರುಚಿ, ಗೊಳೋ ಎಂದು ಅತ್ತಳು.