ಅತ್ತೆಯ ಹುಳು, ನನ್ನ ಕಷಾಯ

ತುರಿಕೆಯಲ್ಲೂ ಅಂತಸ್ತುಗಳುಂಟು. ತಲೆ ಕೆರೆದುಕೊಳ್ಳುವವರನ್ನು ನಾವು ಚಿಂತನಶೀಲರೆಂದು ಗೌರವಿಸುತ್ತೇವೆ. ಅಂಗಾಲು ತುರಿಸಿದರೆ ಪ್ರಯಾಣಯೋಗವೆಂದು ಸಂತೋಷಪಡುತ್ತೇವೆ. ಗಡ್ಡ ಕೆರೆದುಕೊಳ್ಳುವವರಿಗಂತೂ ಸಭೆಯಲ್ಲಿ ಮುಂದಿನ ಸಾಲಿನ ಕುರ್ಚಿಯನ್ನೇ ಬಿಟ್ಟುಕೊಡುತ್ತೇವೆ. ಆದರೆ ಕುಳಿತುಕೊಳ್ಳುವ ಜಾಗದಲ್ಲೇ ತುರಿಸಿತೆನ್ನಿ, ಮನುಷ್ಯನಿಗೆ ಶಾಸ್ತ್ರದ ಬೆಂಬಲವೂ ಇಲ್ಲ, ಸಮಾಜದ ಸಹಾನುಭೂತಿಯೂ ಇಲ್ಲ. ಕುಳಿತಲ್ಲೇ ಕೊಂಚ ಸರಿದು ಕುಳಿತು, ಮುಖದಲ್ಲಿ ಅಪಾರ ಶಾಂತಿಯನ್ನು ಧರಿಸುವುದೊಂದೇ ದಾರಿ. ಇಂಥ ಶಾಂತಿಯನ್ನು ನಾನು ಕಳೆದ ವರ್ಷ ನನ್ನ ಅತ್ತೆಯ ಮುಖದಲ್ಲಿ ಕಂಡೆ. ಕಂಡು, ವಯಸ್ಸಾದ ಮೇಲೆ ವೈರಾಗ್ಯ ಬಂದಿರಬೇಕೆಂದುಕೊಂಡೆ.

ಅವರಿಗೆ ವೈರಾಗ್ಯ ಬರುವುದು ಅಷ್ಟು ಸುಲಭವಲ್ಲವೆಂದು ಹತ್ತೊಂಬತ್ತು ವರ್ಷಗಳ ಸಹವಾಸ ನನಗೆ ಕಲಿಸಿರಬೇಕಿತ್ತು. ಗುಂಡ್ಲುಪೇಟೆಯ ಬಯಲಿನಲ್ಲಿ ಬೆಳೆದ ನಾನು ಮದುವೆಯಾಗಿ, ಮಸಿನಗುಡಿಯಾಚೆಯ ತಿರುವುಗಳಲ್ಲಿ ಎರಡು ಸಲ ವಾಂತಿ ಮಾಡಿಕೊಂಡು, ಊಟಿ ಬೆಟ್ಟದ ಸೋಲೂರಿನ ಹತ್ತಿರದ ಈ ಮೂವತ್ತು ಮನೆಗಳ ಹಟ್ಟಿಯಲ್ಲಿ ಬಂದಿಳಿದ ದಿನವೇ, ಅವರು ಆರತಿಗೂ ಮೊದಲು ನನ್ನ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿ, "ಹೆಣ್ಣಿಗ ಹುಳು ಇರಬೇಕು" ಎಂದು ದಿಬ್ಬಣದ ಮುಂದೆ ಘೋಷಿಸಿದ್ದರು. ಹೊಸ ಮದುಮಗಳಿಗೆ ಹಾಲು ಹಣ್ಣು ಕೊಡುವ ಪದ್ಧತಿ ನಮ್ಮ ಕಡೆಯದು. ನನಗೆ ಸಿಕ್ಕಿದ್ದು ಕಷಾಯ.

ಸುತ್ತಲಿನ ಹಟ್ಟಿಗಳಿಗೆಲ್ಲ ಅವರು ‘ಮದ್ದು ಹೆತ್ತೆ’. ಹೆತ್ತೆಯೆಂದರೆ ಇಲ್ಲಿ ಅಜ್ಜಿ. ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ತಾಯಂದಿರು ಮಕ್ಕಳನ್ನು ಹಿಡಿದುಕೊಂಡು ನಮ್ಮ ಜಗಲಿಗೆ ಬರುತ್ತಾರೆ. ಹಿಡಿದುಕೊಂಡು ಎಂಬುದನ್ನು ಅಕ್ಷರಶಃ ಓದಿಕೊಳ್ಳಬೇಕು. ನಮ್ಮ ಚಳಿಯಲ್ಲಿ ಬೇವು ಬದುಕುವುದಿಲ್ಲವಾದ್ದರಿಂದ ಅದರ ಎಲೆ ಮಸಿನಗುಡಿಯಿಂದ ಬಸ್ಸಿನಲ್ಲಿ ಬರುತ್ತದೆ. ಅದಕ್ಕೆ ವಾಯುವಿಳಂಗ, ಓಂಕಾಳು, ಬೆಳ್ಳುಳ್ಳಿ, ಹಾಗಲದ ಎಲೆ ಸೇರಿ, ಒಂದು ಪಾತ್ರೆ ನೀರು ಒಂದು ಲೋಟಕ್ಕೆ ಇಳಿಯುತ್ತದೆ. ಇದರ ಹಿಂದಿರುವುದು ವೈದ್ಯಶಾಸ್ತ್ರಕ್ಕಿಂತ ಹೆಚ್ಚಾಗಿ ಯುದ್ಧಶಾಸ್ತ್ರ. ಮೊದಲು ಮಗುವಿಗೆ ಬೆಲ್ಲದ ತುಂಡು. ಸಿಹಿಯ ವಾಸನೆಗೆ ಹುಳುಗಳೆಲ್ಲ ತಮ್ಮ ತಮ್ಮ ನೆಲೆ ಬಿಟ್ಟು ಬಾಯಿ ತೆರೆದು ಒಂದೆಡೆ ಸೇರುತ್ತವೆ. ಆ ಸಮಾವೇಶದ ನೆತ್ತಿಯ ಮೇಲೆ ಕಹಿ ಸುರಿಯಬೇಕು. ಮಾತ್ರೆಯೆಂದರೆ ಅತ್ತೆಗೆ ಆಗದು. ಮಾತ್ರೆಯಿಂದ ಹುಳು ಹೊಟ್ಟೆಯೊಳಗೇ ಸಾಯುತ್ತದೆ, ಮಕ್ಕಳ ಹೊಟ್ಟೆಯೇನು ಸುಡುಗಾಡೇ ಎಂಬುದು ಅವರ ಪ್ರಶ್ನೆ. ಹತ್ತಿರದ ಶಾಲೆಯೊಂದರಲ್ಲಿ ಗಣಿತ ಹೇಳುತ್ತ, ಊಟಕ್ಕೆ ಮುಂಚೆ ಸಾಬೂನು ಹಚ್ಚಿ ಕೈ ತೊಳೆಯಿರೆಂದು ದಿನವೂ ಉಪದೇಶಿಸುವ ನನ್ನ ಬಳಿ ಇದಕ್ಕೆ ಉತ್ತರವಿತ್ತು. ಕೊಡುವ ಧೈರ್ಯವಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ನಾವಿಬ್ಬರೂ ಮನೆಯ ಹಿಂದಿನ ನಮ್ಮ ತುಂಡು ಟೀ ತೋಟದಲ್ಲಿ ಎಲೆ ಕೀಳುತ್ತಿದ್ದೆವು. ಎದುರು ಸಾಲಿನಲ್ಲಿದ್ದ ಅತ್ತೆ ಕೈ ನಿಲ್ಲಿಸಿ, ಆಚೆ ಈಚೆ ನೋಡಿ, ಗಿಡಕ್ಕೆ ಹೇಳುವಂತೆ ಹೇಳಿದರು:

"ಹೆಣ್ಣೆ, ಎನಗ ಹುಳು."

ನಾನು ಕೈಯಲ್ಲಿದ್ದ ಎಲೆಯನ್ನು ಬುಟ್ಟಿಗೆ ಹಾಕುವುದನ್ನು ಮರೆತೆ. "ನಿಮ್ಮ ಕಷಾಯ?" ಎಂದೆ.

"ಎರಡು ವಾರ ಕುಡಿದೆ. ಹುಳುಗೂ ಅದು ರುಚಿ ಹತ್ತಿತು." ಅವರು ತಮಾಷೆ ಮಾಡುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ತುರಿಕೆ ಶುರುವಾದರೆ ಕುಳಿತುಕೊಳ್ಳಲಾಗುವುದಿಲ್ಲ, ಬೆಳಿಗ್ಗೆ ಕಣ್ಣಾರೆ ಕಂಡದ್ದೂ ಉಂಟು, ಬಿಳಿ ನೂಲಿನ ಚೂರಿನಂತೆ, ಎಂದು ವರದಿ ಒಪ್ಪಿಸಿ ಕೊನೆಗೆ, "ಆರಗೂ ಹೇಳಬೇಡ. ಎನ್ನ ಮಗನಗೂ ಬೇಡ. ಮದ್ದು ಹೆತ್ತೆಗ ಹುಳು ಅಂದರ, ನಾಳೆ ಎನ್ನ ಜಗಲಿಗ ಆರು ಬಪ್ಪರು?" ಎಂದರು. ಧ್ವನಿ ಎಂದಿನಂತೆ ಗಟ್ಟಿಯಾಗಿಯೇ ಇತ್ತು. ಕೈ ಮಾತ್ರ ಚಿಗುರು ಬಿಟ್ಟು ಬಲಿತ ಎಲೆ ಕೀಳುತ್ತಿತ್ತು.

ಮರುದಿನ ಕಾಲುನೋವಿನ ನೆಪ ಹೇಳಿ ಅವರನ್ನು ಊಟಿಗೆ ಕರೆದುಕೊಂಡು ಹೋದೆ. ವೈದ್ಯೆ ನನಗಿಂತ ಬಹಳ ಚಿಕ್ಕವಳು, ಅತ್ತೆಯ ಮೂರರಲ್ಲೊಂದು ಪಾಲು ವಯಸ್ಸು. ಆಕೆ ನಗದೆ ಎಲ್ಲವನ್ನೂ ಕೇಳಿ, ಬೇರೆ ಕಾಯಿಲೆಯೇನೂ ಇಲ್ಲವೆಂದು ವಿಚಾರಿಸಿಕೊಂಡು, ಮಾತ್ರೆ ಬರೆದುಕೊಟ್ಟಳು: ಇವತ್ತೊಂದು, ಎರಡು ವಾರ ಬಿಟ್ಟು ಮತ್ತೊಂದು, ಉಗುರು ಗಿಡ್ಡವಾಗಿ ಕತ್ತರಿಸಿಕೊಳ್ಳಬೇಕು, ಹಾಸಿಗೆ ಬಟ್ಟೆ ಬಿಸಿನೀರಿನಲ್ಲಿ ಒಗೆಯಬೇಕು. ಇಷ್ಟೂ ಸರಿಯಾಗಿತ್ತು. ಆಮೇಲೆ ತಮಿಳಿನಲ್ಲಿ, ಮನೆಯವರೆಲ್ಲ ಒಂದೇ ದಿನ ನುಂಗಬೇಕು, ಇಲ್ಲದಿದ್ದರೆ ಒಬ್ಬರಿಂದೊಬ್ಬರಿಗೆ ಸುತ್ತುತ್ತಲೇ ಇರುತ್ತದೆ, ಎಂದಳು. ಅತ್ತೆ ನನ್ನ ಮುಖ ನೋಡಿದರು. ಮನೆಯಲ್ಲಿ ನನ್ನ ಗಂಡನೂ ಹದಿನಾಲ್ಕರ ಮಗಳೂ ಇದ್ದರು. ಅವರಿಬ್ಬರ ಕೈಗೆ ಕಾರಣ ಹೇಳದೆ ಹುಳುವಿನ ಮಾತ್ರೆ ಕೊಡುವುದು ಹೇಗೆ?

ಬಸ್ಸಿನಲ್ಲಿ ಬರುವಾಗ ಅತ್ತೆ ದಾರಿಯುದ್ದಕ್ಕೂ ಕಿಟಕಿಯ ಕಡೆ ತಿರುಗಿಯೇ ಕುಳಿತಿದ್ದರು. ಅವರ ಹೆಗಲು ಇಷ್ಟು ಚಿಕ್ಕದೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಆ ಹೆಗಲು ನೋಡಿಯೇ ಇರಬೇಕು, ಸಂಜೆ ಎಲ್ಲರೂ ಊಟಕ್ಕೆ ಕುಳಿತಾಗ ನಾನು ಗಂಟಲು ಸರಿಮಾಡಿಕೊಂಡು, "ನನಗೆ ಹುಳು ಆಗಿದೆ. ಡಾಕ್ಟರು ಎಲ್ಲರೂ ಮಾತ್ರೆ ನುಂಗಬೇಕೆಂದಿದ್ದಾರೆ" ಎಂದುಬಿಟ್ಟೆ. ಅಗ್ನಿಸಾಕ್ಷಿಯಾಗಿ ಕೈಹಿಡಿದ ಗಂಡ ತಟ್ಟೆಯನ್ನು ನಾಲ್ಕು ಬೆರಳಷ್ಟು ಆಚೆ ಸರಿಸಿಕೊಂಡರು. ಮಗಳು, "ಅಮ್ಮಾ, ನೀನು ಸ್ಕೂಲಲ್ಲಿ ಎಲ್ಲರಿಗೂ ಕೈ ತೊಳೀರಿ ಅಂತೀಯಲ್ಲಾ" ಎಂದಳು. ಅತ್ತೆ ಅನ್ನ ಕಲಸುತ್ತ ತಲೆಯೆತ್ತದೆ, "ಬಯಲು ಸೀಮೆ ಹೊಟ್ಟೆ. ಏನ ಮಾಡೋದು?" ಎಂದರು. ನಾನು ಇದನ್ನು ಕೃತಜ್ಞತೆಯೆಂದೇ ಸ್ವೀಕರಿಸಿದೆ.

ಎಲ್ಲರೂ ನುಂಗಿದರು. ‘ಸೊಸೆಗ ಜೊತೆ ಕೊಡಬೇಕು’ ಎಂದು ಅತ್ತೆಯೂ ನುಂಗಿದರು.

ಮಗಳು ಗೆಳತಿಗೆ ಮಾತ್ರೆಯ ವಿಷಯ ಬಿಟ್ಟು ಹುಳುವಿನದನ್ನಷ್ಟೇ ಹೇಳಿದಳು, ಗೆಳತಿ ತಾಯಿಗೆ ಹೇಳಿದಳು, ಮರುದಿನ ಹಾಲಿನ ಡಿಪೋದಲ್ಲಿ ಸುದ್ದಿ ನನಗಿಂತ ಮೊದಲೇ ಬಂದು ನಿಂತಿತ್ತು. ಪಕ್ಕದ ಮನೆಯ ರಾಜಿ ಹುರಿದ ಕುಂಬಳಬೀಜ ತಂದುಕೊಟ್ಟಳು. ಗೂಡಲೂರಿನಲ್ಲಿ ತವರಿರುವ ಇನ್ನೊಬ್ಬಾಕೆ ಪಪ್ಪಾಯದ ಬೀಜ ಒಣಗಿಸಿ ತರಿಸಿದಳು. ಹುಬ್ಬತಲೈಯ ನಾದಿನಿ ಫೋನ್ ಮಾಡಿ ಹಸಿ ಕ್ಯಾರೆಟ್ ಎಂದಳು. ಕ್ಯಾರೆಟ್ ಬೆಳೆಯುವ ಊರಿನಲ್ಲಿ ಎಲ್ಲ ರೋಗಕ್ಕೂ ಯಾರಾದರೊಬ್ಬರು ಕ್ಯಾರೆಟ್ ಎನ್ನುತ್ತಾರೆ. ಎಲ್ಲರೂ ಕೊನೆಗೆ ಕೇಳಿದ್ದು ಒಂದೇ: ಮನೆಯಲ್ಲೇ ಮದ್ದು ಹೆತ್ತೆ ಇರುವಾಗ ಟೀಚರಿಗೆ ಕಷಾಯ ಕೊಟ್ಟಿಲ್ಲವೇ?

ಹಾಗಾಗಿ ಕೊಡಲೇಬೇಕಾಯಿತು. ಏಳು ದಿನ ಬೆಳಿಗ್ಗೆ, ಜಗಲಿಯಲ್ಲಿ, ಹೋಗಿಬರುವವರ ಸಮಕ್ಷಮದಲ್ಲಿ, ಇಲ್ಲದ ಹುಳುವಿಗಾಗಿ ನಾನು ಆ ಕಷಾಯ ಕುಡಿದೆ. ಮೊದಲ ದಿನ ಅತ್ತೆ ಲೋಟ ಕೊಡುತ್ತ ಕಿವಿಯ ಹತ್ತಿರ, "ಬೇವು ಕಮ್ಮಿ ಹಾಕಿದ್ದೆ" ಎಂದು ಪಿಸುಗುಟ್ಟಿದರು. ಕಮ್ಮಿಯಿದ್ದರೆ ಹೀಗೆ, ಪೂರ್ತಿಯಿದ್ದರೆ ಹೇಗೆ ಎಂಬ ಜಿಜ್ಞಾಸೆಯಲ್ಲಿ ನನಗೆ ಮೊದಲ ಪೀರಿಯಡ್ ಪೂರ್ತಿ ಕಳೆದುಹೋಯಿತು.

ಉಗುರಿನ ಕೆಲಸ ಉಳಿದಿತ್ತು. ಅತ್ತೆಯ ಬೆರಳಿಗೆ ಕತ್ತರಿ ಒತ್ತುವ ಬಲವಿಲ್ಲ. ತಾವೇ ಕತ್ತರಿಸಿಕೊಳ್ಳಲಾರರು, ಮಗನಿಗೆ ಹೇಳಲಾರರು. ಮಂಜು ಸರಿದು ಅಂಗಳಕ್ಕೆ ಬಿಸಿಲು ಬೀಳುವ ಹೊತ್ತಿನಲ್ಲಿ ನಾನು ಅವರ ಕೈಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳಿನ ಉಗುರು ಕತ್ತರಿಸಿದೆ. ಟೀ ಎಲೆಯ ಕರೆ ಹತ್ತಿದ, ಬೇರಿನಂತೆ ತಿರುಚಿದ ಬೆರಳುಗಳು. ನನ್ನ ಬಾಣಂತನದಲ್ಲಿ ಎಣ್ಣೆ ಹಚ್ಚಿದ ಕೈಗಳಿವು. ಆ ಕೈಗಳು ನನ್ನನ್ನು ಹಿಡಿದದ್ದುಂಟು, ನಾನು ಅವನ್ನು ಹಿಡಿದದ್ದು ಇದೇ ಮೊದಲು. ಆಗ ಬೇಲಿಯಾಚೆಯಿಂದ ರಾಜಿ ಕಂಡು, ಏನು ನಡೆಯುತ್ತಿದೆಯೆಂದು ಕೇಳಿದಳು. "ಹೆಣ್ಣಿಗ ಹುಳು. ಅದಕ ಎನ್ನ ಉಗುರು ಕತ್ತರಿಸ್ತಾಳೆ" ಎಂದರು ಅತ್ತೆ. ರಾಜಿ ತಲೆಯಾಡಿಸಿ ಹೋದಳು. ಅಧಿಕಾರದಿಂದ ಹೇಳಿದ ಮಾತಿಗೆ ತರ್ಕದ ಅಗತ್ಯ ಬೀಳುವುದಿಲ್ಲ.

ಎರಡನೆಯ ಮಾತ್ರೆಯೂ ಮುಗಿಯಿತು, ಅತ್ತೆ ಮೊದಲಿನಂತೆ ನೆಟ್ಟಗೆ ಕುಳಿತರು. ಹಟ್ಟಿಯ ಕಣ್ಣಿಗೆ ಮಾತ್ರ ಕಂಡದ್ದು ಏಳು ಲೋಟ ಕಷಾಯ ಮತ್ತು ಗುಣವಾದ ಟೀಚರು. ಮುಂದಿನ ಭಾನುವಾರ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪರೋಪಕಾರ ಮಾಡಿದ ಸಂತೃಪ್ತಿಯಲ್ಲಿ ನಾನು ತೇಲುತ್ತಿದ್ದಾಗ, ಶಾಲೆಯಲ್ಲಿ ಮಕ್ಕಳಿಗೆ ಹುಳುವಿನ ಮಾತ್ರೆ ಕೊಡುವ ದಿನ ಬಂತು.

ರಾಜಿಯ ಮಗಳು ಪ್ರಿಯಾ ಒಂದನೆಯ ತರಗತಿ. ಗೋಡೆಯ ಸುಣ್ಣ ಕೆರೆದು ತಿನ್ನುವ ಹುಡುಗಿ. ಕೆನ್ನೆ ಬಿಳಿಚಿಕೊಂಡು, ದಿಬ್ಬ ಹತ್ತುವಾಗ ಎರಡು ಕಡೆ ಕುಳಿತು ಏಳುತ್ತಿದ್ದಳು. ಅಂದು ಬೆಳಿಗ್ಗೆ ಅವಳನ್ನು ಜೊತೆಗೆ ಕರೆದೊಯ್ಯಲು ಹೋದರೆ ರಾಜಿ ಬಾಗಿಲಲ್ಲೇ ತಡೆದಳು. "ಇಂದು ಕಳಿಸುದು ಇಲ್ಲೆ ಟೀಚರೇ. ಮಾತ್ತಿರೆ ಬೇಡ. ನಿಮಗ ಕಷಾಯದಲ್ಲೇ ಗುಣ ಆತಲ್ಲ, ಎನ್ನ ಮಗಳಿಗೂ ಅದೇ ಸಾಕು."

ನಿಜ ಹೇಳಿದರೆ ಅತ್ತೆಯ ಮಾನ, ಹೇಳದಿದ್ದರೆ ಹುಳು ಹೀರುತ್ತಿರುವ ಈ ಮಗುವಿನ ರಕ್ತ. ಗಣಿತದ ಟೀಚರಿಗೆ ಈ ಲೆಕ್ಕ ಬಿಡಿಸಲಾಗಲಿಲ್ಲ. ತಡವರಿಸುತ್ತ ಏನೋ ಹೇಳಹೊರಟಾಗ ಹಿಂದಿನಿಂದ ಅತ್ತೆಯ ಧ್ವನಿ ಕೇಳಿಸಿತು. ನಮ್ಮ ಅಂಗಳದಿಂದ ಎಲ್ಲವನ್ನೂ ಕೇಳಿಸಿಕೊಂಡು, ಸೆರಗು ಹೊದ್ದು ಬಂದು ನಿಂತಿದ್ದರು.

"ಹುಳು ಇದ್ದದು ಎನಗ."

ರಾಜಿಗೆ ಅರ್ಥವಾಗಲಿಲ್ಲ. ಅತ್ತೆ ಇನ್ನೊಮ್ಮೆ, ಅಕ್ಕಪಕ್ಕದ ಎರಡು ಮನೆಗೂ ಕೇಳುವಂತೆ ಹೇಳಿದರು: "ಹೆಣ್ಣಿಗ ಏನೂ ಇಲ್ಲೆ. ಹುಳು ಎನಗ. ಎನ್ನ ಕಷಾಯ ನಾನೇ ಎರಡು ವಾರ ಕುಡಿದೆ, ಆಗಿಲ್ಲೆ. ಮಾತ್ತಿರೆ ನುಂಗಿದೆ, ಆತು. ಮಗುವ ಕಳಿಸು. ಆಮೇಲೆ ಊಟಿಗ ಕರಕೊಂಡು ಹೋಗಿ ರಕ್ತವೂ ನೋಡಿಸು."

"ಹಾಂಗಾದರ ಟೀಚರು ಏತಕ ಕುಡಿದದು, ಏಳು ದಿನ?"

ಅತ್ತೆ ಸೆರಗು ಸರಿಪಡಿಸಿಕೊಂಡರು. "ಎನಗಾಗಿ" ಎಂದರು. ಎಂದು, ತಿರುಗಿ, ಯಾರ ಆಸರೆಯೂ ಇಲ್ಲದೆ ಮೆಟ್ಟಿಲಿಳಿದು ಮನೆಯ ಕಡೆ ನಡೆದರು.

ರಾಜಿ ಒಳಗೆ ಹೋಗಿ ಮಗಳ ಸ್ವೆಟರಿನ ಗುಂಡಿ ಹಾಕಿ, ಅವಳ ಕೈಯನ್ನು ನನ್ನ ಕೈಗಿಟ್ಟಳು. ದಿಬ್ಬದ ಅರ್ಧಕ್ಕೆ ಪ್ರಿಯಾ ಎಂದಿನಂತೆ ಕುಳಿತಳು. ನಾನೂ ಪಕ್ಕದಲ್ಲಿ ಕುಳಿತೆ. ಅವಳು ತನ್ನ ಬೂಟನ್ನೇ ನೋಡುತ್ತ ಬಹಳ ಮೆಲ್ಲಗೆ ಕೇಳಿದಳು: "ಟೀಚರೇ, ಮದ್ದು ಹೆತ್ತೆಗೂ ಹುಳು ಬಂತಾ?"

"ಬಂತು."

ಅವಳು ಎದ್ದು, ಲಂಗದ ಹಿಂದಿನ ಮಣ್ಣು ಕೊಡವಿಕೊಂಡು, "ಹಾಂಗಾದರ ಎನಗೂ ಇದೆ" ಎಂದು ಗಟ್ಟಿಯಾಗಿ ಹೇಳಿ, ನನಗಿಂತ ಮುಂದೆ ನಡೆದಳು.