ಮಾವನ ದೊಡ್ಡ ಗಾಡಿಗೆ ಹತ್ತಕ್ಕೆ ಹತ್ತು

ರೋಣದ ಪೇಟೆಯಲ್ಲಿ ಕಡಲೆ ಚೀಲಕ್ಕೆ ಕೈ ಹಾಕಿ, ನಾಲ್ಕು ಕಾಳು ಬಾಯಿಗೆಸೆದುಕೊಂಡು, "ಇನ್ನೂ ಹಸಿ ಐತಿ, ಬಿಸಲಿಗೆ ಹಾಕ್ರಿ" ಎಂದು ಮಾಲು ತಂದವನ ಮುಖ ನೋಡಿಕೊಂಡೇ ಹೇಳುವ ಮನುಷ್ಯ ನಮ್ಮ ಮಾವ ಮಹಾಲಿಂಗಪ್ಪನವರು. ಮಾವ ಎಂದರೆ ನನ್ನ ಅಕ್ಕ ಹೊನ್ನವ್ವನ ಗಂಡ. ರೈತರ ಮಾಲು ಮಾರಿಸಿಕೊಡುವ ಅವರ ಅಡತಿ ಅಂಗಡಿ ಅವರಪ್ಪನ ಕಾಲದ್ದು. ಜೋಳವಿರಲಿ, ಹತ್ತಿಯಿರಲಿ, ಮಹಾಲಿಂಗಪ್ಪ ಚಲೋ ಅಂದರೆ ಚಲೋ, ಇಲ್ಲ ಅಂದರೆ ಇಲ್ಲ. ಅವರು ಹೇಳಿದ ಮೇಲೆ ಕೊಳ್ಳುವವರು ಚೀಲ ಬಿಚ್ಚಿ ನೋಡುವುದಿಲ್ಲ.

ಇದು ಮಂದಿಯ ಮಾಲಿನ ಮಾತಾಯಿತು. ಸ್ವಂತ ಮನೆಯ ವಸ್ತುವಿನ ವಿಷಯ ಬಂದರೆ ಇದೇ ಮನುಷ್ಯನ ಬಾಯಿಗೆ ಬೀಗ. ಆ ಮನೆತನದ ರೀತಿಯೇ ಹಾಗೆ. ಅವರಪ್ಪ ಸಂತೆಯಲ್ಲಿ ಎತ್ತು ಹಿಡಿಯುವಾಗ ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ಗೊರಸು ಎತ್ತಿ ನೋಡುತ್ತಿದ್ದರು. ಆದರೆ ಎತ್ತು ಮನೆಗೆ ಬಂದು, ಹೆಣ್ಣುಮಕ್ಕಳು ಅದರ ಕಾಲಿಗೆ ನೀರು ಹಾಕಿ, ಕುಂಕುಮ ಹಚ್ಚಿ ಒಳಗೆ ಕರೆದುಕೊಂಡರೆ ಮುಗಿಯಿತು. ಆಮೇಲೆ ಅದು ಹಾಯಲಿ, ನೊಗ ಕಂಡರೆ ಮಲಗಲಿ, ಯಾರು ಕೇಳಿದರೂ "ಭಾಳ ಚಲೋ ಐತ್ರಿ" ಅನ್ನಬೇಕು. ನೀರು ಹಾಕಿ ಕರೆದುಕೊಂಡದ್ದನ್ನು ಹೊರಗೆ ಹಳಿಯಬಾರದು. ಎತ್ತಿಗೂ ಅದೇ ಕಾಯಿದೆ, ಸೊಸೆಗೂ ಅದೇ. "ಅದ ಕಾಯ್ದೆದಾಗ ನನಗೂ ಈ ಮನಿಯಾಗ ಮರ್ಯಾದಿ ಸಿಕ್ಕೈತಿ ತಮ್ಮಾ" ಅನ್ನುತ್ತಾಳೆ ಅಕ್ಕ.

ಹೋದ ದಸರೆಗೆ ಈ ಕಾಯಿದೆಯ ಒಳಗೆ ಏಳು ಜನ ಕೂಡುವ ದೊಡ್ಡ ಗಾಡಿಯೊಂದು ಬಂತು. ಹಳೆಯ ಸಣ್ಣ ಕಾರಿಗೆ ಏನೂ ಆಗಿರಲಿಲ್ಲ. ಮಾವನ ಮೊಣಕಾಲಿಗೆ ತಗ್ಗಿನ ಸೀಟು ಆಗುತ್ತಿರಲಿಲ್ಲ, ಅಷ್ಟೆ. ಅದನ್ನು ಗಜೇಂದ್ರಗಡದ ಅಂದಾನೆಪ್ಪನಿಗೆ ಕೊಟ್ಟು ಇದನ್ನು ತಂದರು. ಏಣಿಯಂಥ ಮೆಟ್ಟಿಲು, ಮಾಳಿಗೆಯಲ್ಲಿ ಗಾಜಿನ ಕಿಟಕಿ, ಎದುರಿಗೆ ಟಿವಿಯಷ್ಟು ದೊಡ್ಡ ಪರದೆ. ಅಕ್ಕ ನಾಲ್ಕೂ ಗಾಲಿಗೆ ನೀರು ಹಾಕಿದಳು, ಲಿಂಬೆಹಣ್ಣು ಇಟ್ಟಳು, ಕುಂಕುಮ ಹಚ್ಚಿದಳು. ಅಲ್ಲಿಗೆ ನಮ್ಮೆಲ್ಲರ ಬಾಯಿ ಮುಚ್ಚಿತು.

ದೀಪಾವಳಿಯೊಳಗೆ ಗಾಡಿ ತನ್ನ ಗುಣ ತೋರಿಸಿತು. ಹಿಂಗಾರಿ ಮಳೆಯ ಮೊದಲ ಹನಿಗೇ ಮಾಳಿಗೆಯ ಕಿಟಕಿ ಸೋರಿ ಅಕ್ಕನ ನೆತ್ತಿಯ ಮೇಲೆ ಅಭಿಷೇಕವಾಯಿತು. ಹಿಂದಿನ ಡಿಕ್ಕಿ ತನಗೆ ಬೇಕಾದಾಗ ತೆರೆದುಕೊಳ್ಳುತ್ತಿತ್ತು. ಎಲ್ಲಕ್ಕಿಂತ ದೊಡ್ಡ ರೋಗ ಇನ್ನೊಂದು. ಹೋಗುತ್ತ ಹೋಗುತ್ತ ಪರದೆ ಕಪ್ಪಾಗುತ್ತಿತ್ತು, ಗಾಡಿಯ ಶಕ್ತಿ ಸೋರಿ ಹೋಗುತ್ತಿತ್ತು, ಒಳಗಿನಿಂದ ಹೆಣ್ಣುದನಿಯೊಂದು ಇಂಗ್ಲಿಷಿನಲ್ಲಿ ಗಾಡಿಯನ್ನು ಜೋಪಾನವಾಗಿ ಬದಿಗೆ ನಿಲ್ಲಿಸಿ ಎಂದು ವಿನಯದಿಂದ ಕೇಳಿಕೊಳ್ಳುತ್ತಿತ್ತು. ಅರ್ಥ ಹೇಳಿದಾಗ ಅಕ್ಕ ಉರಿದು, "ನಿಂದ್ರಸಾಕಿ ನೀನ, ಮತ್ತ ನಮಗ್ಯಾಕ ಹೇಳ್ತಿ?" ಎಂದು ಪರದೆಗೇ ಬೈದಳು.

ಅದಕ್ಕೆ ಮದ್ದನ್ನು ಮಾವನೇ ಕಂಡುಹಿಡಿದರು. ಎಲ್ಲರೂ ಇಳಿಯಬೇಕು, ಒಬ್ಬರೂ ಒಳಗಿರಬಾರದು. ಎಲ್ಲ ಬಾಗಿಲು ಹಾಕಿ, ಲಾಕ್ ಮಾಡಿ, ಕೀಲಿ ಹಿಡಿದುಕೊಂಡು ದೂರ ಹೋಗಬೇಕು. ಒಂದು ಎಲೆ-ಅಡಿಕೆ ಜಗಿದು ಮುಗಿಸುವಷ್ಟು ಹೊತ್ತು ಬಿಟ್ಟು ಬಂದು ತೆರೆದರೆ ಕೆಲವೊಮ್ಮೆ ಚಾಲೂ ಆಗುತ್ತಿತ್ತು. ಈ ಮದ್ದು ಜಗತ್ತಿನಲ್ಲಿ ನಮಗಷ್ಟೇ ಗೊತ್ತು ಅಂದುಕೊಂಡಿದ್ದೆವು.

ನಾನು ವಿಮೆ ಏಜೆಂಟ. ಹೊತ್ತುಗೊತ್ತಿಲ್ಲದ ಕೆಲಸ, ಗಾಡಿ ಓಡಿಸಲು ಬರುತ್ತದೆ, ಮೇಲಾಗಿ ಮಾವನಿಗೆ ಹೆಂಡತಿಯ ತಮ್ಮ. ಇಷ್ಟು ತಪ್ಪು ಸಾಲದೇ? ಹುಬ್ಬಳ್ಳಿಯ ವರ್ಕ್‌ಶಾಪಿಗೆ ಗಾಡಿ ಒಯ್ಯುವುದು, ಬಸ್ಸಿನಲ್ಲಿ ಬರುವುದು, ಮತ್ತೆ ಬಸ್ಸಿನಲ್ಲಿ ಹೋಗುವುದು, ಗಾಡಿ ತರುವುದು ನನ್ನ ಪಾಲಿಗೆ ಬಂತು. ಪ್ರತಿ ಸಲವೂ ಅವರು ಏನೋ ಸಾಫ್ಟ್‌ವೇರ್ ಹಾಕಿದೆವು, ಇನ್ನು ಚಿಂತೆಯಿಲ್ಲ ಅನ್ನುತ್ತಿದ್ದರು. ಈಗ ಬರೆಯುವಾಗಲೂ ನನಗೆ ಸುಸ್ತಾಗುತ್ತದೆ.

ಹೀಗೇ ಒಂದು ಸಲ ವರ್ಕ್‌ಶಾಪಿನಿಂದ ತಂದ ಮರುದಿನ ಗಜೇಂದ್ರಗಡದ ರಸ್ತೆಯಲ್ಲಿ ಕೈ ಕೊಟ್ಟಿತು. ಎಲ್ಲರೂ ಇಳಿದು ಎಲೆ-ಅಡಿಕೆ ಜಗಿಯುತ್ತ ನಿಂತಿದ್ದೆವು. ಅಂದಾನೆಪ್ಪ ನಮ್ಮ ಹಳೆಯ ಕಾರಿನಲ್ಲಿ ಪೋಂ ಪೋಂ ಎಂದು ಬಂದು, ವೇಗ ತಗ್ಗಿಸಿ, "ಯಾಕ್ರಿ ಸಾವಕಾರ, ನಿಂತೀರಲ್ಲ?" ಅಂದ. "ಹಿಂಗ, ಗಾಳಿಗೆ" ಅಂದರು ಮಾವ. ಅವನು ಹೋದ. ಅಷ್ಟರಲ್ಲಿ ಮಾವನ ಫೋನು ರಿಂಗಾಯಿತು. ಕಂಪನಿಯ ಕಡೆಯ ಹುಡುಗಿ. ಗಾಡಿ ಹೇಗಿದೆ, ಸರ್ವಿಸ್ ಹೇಗಾಯಿತು, ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳುವುದು ಅವಳ ಕೆಲಸ.

ಮಾವ ಸತ್ತ ಗಾಡಿಯ ಬಾನೆಟ್ಟಿಗೆ ಕೈ ಊರಿಕೊಂಡು, "ಭಾಳ ಚಲೋ ಐತವ್ವಾ. ಹತ್ತಕ್ಕ ಹತ್ತ ಬರಕೋ" ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. "ಮಾವಾರ, ಬಾಯಿ ಬಿಟ್ಟು ಕೇಳಾಕತ್ತಾರ. ಖರೇ ಹೇಳಾಕ ಏನ್ ಧಾಡಿ?"

"ಯಾರೋ ಪರದೇಶಿ ಹುಡುಗಿ ಮುಂದ ಮನಿ ಗಾಡಿ ಹಳೀಲೇನೋ ಶಶಿ? ಪಾಪ, ಅಕಿ ಹೊಟ್ಟಿಪಾಡೂ ಐತಿ."

ತಿಂಗಳೊಪ್ಪತ್ತಿನಲ್ಲಿ ಬೀಗರು ಶಿವನಪ್ಪ ಬಂದರು. ಮಾವನ ಒಬ್ಬಳೇ ಮಗಳು ಪುಷ್ಪಾವತಿಯನ್ನು ಕೊಣ್ಣೂರಿಗೆ ಅವರ ಮನೆಗೇ ಕೊಟ್ಟಿರುವುದು. ಮಲಪ್ರಭೆಯ ದಂಡೆಯ ಒಕ್ಕಲುತನ, ಮಾತು ಕಡಿಮೆ, ಮರ್ಯಾದೆ ಜಾಸ್ತಿ. ಊಟವಾದ ಮೇಲೆ ಗಾಡಿಯನ್ನೊಂದು ಸುತ್ತು ಹಾಕಿ ಕೇಳಿದರು.

"ಬೀಗರ, ನಾವೂ ಒಂದು ದೊಡ್ಡ ಗಾಡಿ ತಗೋಬೇಕಂತ ಮಾಡೇವ್ರಿ. ನಮ್ಮ ಸೊಸಿಗೆ, ಅಂದ್ರ ನಿಮ್ಮ ಮಗಳಿಗೆ, ಈಗ ಸಣ್ಣ ಗಾಡ್ಯಾಗ ಅಡ್ಡಾಡೂದು ತ್ರಾಸ ಆಕ್ಕೈತಿ. ಇದು ಹ್ಯಾಂಗೈತ್ರಿ? ನೀವು ಹೂಂ ಅಂದ್ರ ಇದನ್ನ ತರ್ತೀವಿ, ಊಹೂಂ ಅಂದ್ರ ಬಿಡ್ತೀವಿ."

ಪುಷ್ಪಾವತಿಗೆ ದಿನ ಹೋಗಿವೆ, ಬಸುರಿ ಎಂಬುದನ್ನು ಬೀಗರು ಹೀಗೆ ಸುತ್ತು ಹಾಕಿ ಹೇಳಿದ್ದರು. ಅಕ್ಕನ ಮುಖ ಅರಳಿತು. ನಾನು ಮಾವನ ಮುಖ ನೋಡಿದೆ. ಊಹೂಂ ಅನ್ನಲಿ ಅಂತ ಮನಸ್ಸಿನಲ್ಲೇ ಕೂಗಿದೆ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವರ ಹಾಗೆ ಮಾವ ಕೆನ್ನೆ ಉಬ್ಬಿಸಿ ಗಾಡಿಯ ಗಾಲಿ ನೋಡಿದರು. ಆಮೇಲೆ ಅದೇ ಹಾಳು ಮಾತು ಬಂತು.

"ಭಾಳ ಚಲೋ ಐತ್ರಿ."

ಸಂಕ್ರಾಂತಿಗೆ ಕೊಣ್ಣೂರಿನ ಅಂಗಳಕ್ಕೂ ಅದೇ ಗಾಡಿ ಬಂತು. ಬಣ್ಣ ಮಾತ್ರ ಬೇರೆ. ಪೂಜೆಗೆ ನಾವೆಲ್ಲ ಹೋಗಿ ಹೋಳಿಗೆ ಉಂಡು ಬಂದೆವು. ಮಾವ ಎರಡನೇ ಹೋಳಿಗೆ ಬೇಡ ಅಂದದ್ದನ್ನು ನಾನು ಅವತ್ತೇ ಮೊದಲು ಕಂಡಿದ್ದು.

ಅಂದಿನಿಂದ ಅವರಿಗೆ ನೆಮ್ಮದಿಯಿಲ್ಲ. ಅಂಗಡಿಯಲ್ಲಿ ಕೈ ಚೀಲದೊಳಗೇ ಉಳಿದು, ಕಣ್ಣು ಎಲ್ಲೋ ಇರುತ್ತಿತ್ತು. "ಪೇಟ್ಯಾಗ ಯಾರಿಗೂ ಹಸಿ ಕಾಳು ಒಣಗೇತಿ ಅಂತ ಹೇಳಿಲ್ಲ ಶಶಿ. ಬೀಗರಿಗೆ ಹೇಳಿದೆ. ನನ್ನ ಮಗಳು ಕೂಡೂ ಗಾಡಿ ಅದು" ಅನ್ನುತ್ತಿದ್ದರು. ವಾರಕ್ಕೊಮ್ಮೆ ಏನಾದರೂ ನೆವ ಮಾಡಿ ಕೊಣ್ಣೂರಿಗೆ ಫೋನು ಹಚ್ಚಿ, ಮಳೆ, ಬೆಳೆ, ಎಮ್ಮೆ ಎಲ್ಲ ಮುಗಿಸಿ, ಕೊನೆಗೆ ಸಹಜವಾಗಿ ಎಂಬಂತೆ ಕೇಳುತ್ತಿದ್ದರು.

"ಗಾಡಿ ಹ್ಯಾಂಗೈತ್ರಿ ಬೀಗರ?"

"ಭಾಳ ಚಲೋ ಐತ್ರಿ."

ಫೋನು ಇಟ್ಟ ಮೇಲೆ ಮಾವನಿಗೆ ಒಂದೆರಡು ದಿನ ಊಟ ಸೇರುತ್ತಿತ್ತು.

ಶಿವರಾತ್ರಿ ಹೊತ್ತಿಗೆ ಅಕ್ಕ ಹಟ ಹಿಡಿದಳು. ಈ ಗಾಡಿಯಲ್ಲಿ ತಾನು ಕಾಲಿಡುವುದಿಲ್ಲ, ಬದಲಿ ಕೇಳಿರಿ ಎಂದಳು. ಮಾವನನ್ನು ಎಳೆದುಕೊಂಡು ಹುಬ್ಬಳ್ಳಿಗೆ ಹೋದೆ. ಮ್ಯಾನೇಜರ್ ಹುಡುಗ ತಣ್ಣನೆ ಕೋಣೆಯಲ್ಲಿ ಕೂಡ್ರಿಸಿ, ಕಂಪ್ಯೂಟರ್ ನೋಡಿ ನಕ್ಕ.

"ಬದಲಿ ಹ್ಯಾಂಗ ಕೇಳ್ಲಿರಿ ಕಂಪನಿಗೆ? ಪ್ರತಿ ಸಲಾನೂ ನೀವ ಹತ್ತಕ್ಕ ಹತ್ತು ಕೊಟ್ಟೀರಿ. ಈ ಭಾಗದಾಗ ಒಬ್ರದೂ ತಕರಾರಿಲ್ಲ. ಕೊಣ್ಣೂರಿನ ಶಿವನಪ್ಪನವರು ನಿಮ್ಮ ಹೆಸರು ಹೇಳಿ ತಗೊಂಡಾರ. ಅವರೂ ಹತ್ತಕ್ಕ ಹತ್ತು."

ನಾನು ಅವನ ಜೊತೆ ಜಗಳಕ್ಕೆ ನಿಂತೆ. ಮಾವ ನನ್ನ ತೋಳು ಹಿಡಿದು ಹೊರಗೆ ಕರೆತಂದರು. ಸೋತು ಬಂದ ಮನುಷ್ಯನ ಮುಖದಲ್ಲಿ ಗೆಲುವಿತ್ತು. "ಹೋಗ್ಲಿ ಬಿಡೋ. ಬೀಗರದು ಚಲೋ ಐತಂತಲ್ಲ, ಅಷ್ಟ ಸಾಕು. ನಮ್ಮ ಪಾಲಿಗಷ್ಟ ಇಂಥಾದು ಬಂದೈತಿ" ಅಂದರು. ಅವರನ್ನು ನೋಡಿ ಮರುಕವೂ ಬಂತು, ನಾಲ್ಕು ಬಾರಿಸೋಣ ಅಂತಲೂ ಅನಿಸಿತು.

ಯುಗಾದಿ ಕಳೆದ ಮೇಲೆ ಕೊಣ್ಣೂರಿನಲ್ಲಿ ಪುಷ್ಪಾವತಿಯ ಕುಬಸ, ಅಂದರೆ ಸೀಮಂತ. ಕುಬಸ ಮುಗಿಸಿ ಬಸುರಿಯನ್ನು ತವರಿಗೆ ಕರೆತರಬೇಕು. ನಮ್ಮ ಗಾಡಿ ಹುಬ್ಬಳ್ಳಿಯಲ್ಲಿ ಬಿದ್ದಿತ್ತು. "ಸಾದಾ ಸರ್ವಿಸ್ಸಿಗೆ ಬಿಟ್ಟೇವ್ರಿ" ಎಂದು ಮಾವ ಇನ್ನೊಂದು ಸುಳ್ಳು ಪೋಣಿಸಿದರು. ಹೊಸ ಸೀರೆ, ಬಳೆ, ಬುತ್ತಿಯ ಗಂಟು ಹೊತ್ತು ನಾವು ಮೂವರೂ ಬಸ್ಸಿನಲ್ಲೇ ಹೋದೆವು. ಮರುದಿನ ಹೊರಡುವಾಗ ಬೀಗರು ಬಿಡಲಿಲ್ಲ. "ಬಸುರಿ ಹೆಣಮಗಳು ಬಸ್ಸಿನ್ಯಾಗ್ಯಾಕ್ರಿ? ನಮ್ಮ ಗಾಡಿ ಐತಲ್ಲ, ನಾನ ಬಿಟ್ಟು ಬರ್ತೀನಿ" ಎಂದು ಕೀಲಿ ತಗೊಂಡರು.

ನರಗುಂದ ದಾಟಿತು. ಕಟಾವಾದ ಹೊಲಗಳೆಲ್ಲ ಬೋಳು, ಕರಿ ಭೂಮಿ ಬಿರಿದು ಕಾವು ಉಗುಳುತ್ತಿತ್ತು. ಒಳಗೆ ತಂಪಿತ್ತು. ಮಾವ ಸೀಟಿಗೆ ಒರಗಿ, "ಹ್ಯಾಂಗ ನೀರಿನ್ಯಾಗ ಹೋದಂಗ ಹೊಂಟೈತಿ ನೋಡೋ" ಎಂದು ನನ್ನ ಕಿವಿಯಲ್ಲಿ ಅಂದರು. ಅವರ ದನಿಯಲ್ಲಿ ಎಷ್ಟೋ ದಿನಗಳ ಮೇಲೆ ಸುಖವಿತ್ತು.

ಪರದೆ ಕಪ್ಪಾಯಿತು. ಆ ಹೆಣ್ಣುದನಿ ವಿನಯದಿಂದ ತನ್ನ ಇಂಗ್ಲಿಷ್ ಶುರುಮಾಡಿತು.

ನಾವಿನ್ನೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಪುಷ್ಪಾವತಿ ಬೆಲ್ಟು ಬಿಚ್ಚಿದಳು. ಸೀಟಿನ ಕೆಳಗೆ ಮಡಚಿಟ್ಟಿದ್ದ ಸಣ್ಣ ಚಾಪೆ ತೆಗೆದಳು, ನೀರಿನ ಬಾಟಲಿ ತೆಗೆದಳು, ಹೊಟ್ಟೆ ಹಿಡಿದುಕೊಂಡು ಆ ಎತ್ತರದ ಮೆಟ್ಟಿಲಿನಿಂದ ಹಿಂದುಮುಂದಾಗಿ ಇಳಿದು, ರಸ್ತೆ ಬದಿಯ ಜಾಲಿಗಿಡದ ಅರೆನೆರಳಿಗೆ ಹೋಗಿ ಚಾಪೆ ಹಾಸಿ ಕೂತಳು. ಯಾರೂ ಅವಳಿಗೆ ಇಳಿ ಅಂತ ಹೇಳಿರಲಿಲ್ಲ.

"ಎಲ್ಲಾರೂ ಇಳೀರಿ ಬೀಗರ, ಒಂದೀಟು ಗಾಳಿಗೆ ನಿಂದ್ರೂಣು" ಅಂದರು ಶಿವನಪ್ಪ. ಹೊರಗೆ ಎಲೆ ಅಲುಗುತ್ತಿರಲಿಲ್ಲ. ಅವರು ಒಂದೊಂದೇ ಬಾಗಿಲು ಹಾಕಿದರು, ಲಾಕ್ ಮಾಡಿದರು, ಕೀಲಿ ಹಿಡಿದುಕೊಂಡು ದೂರ ನಡೆದು ಹೋದರು. ಕಿಸೆಯಿಂದ ಎಲೆ-ಅಡಿಕೆಯ ಚೀಲ ತೆಗೆದರು.

ಮಾವ ರಸ್ತೆಯ ಕಲ್ಲಿನ ಮೇಲೆ ಕುಸಿದು ಕೂತರು.

ಆಗಲೇ ಬೀಗರ ಫೋನು ರಿಂಗಾಯಿತು. ಹಿಂದಿನ ವಾರ ಗಾಡಿ ಹುಬ್ಬಳ್ಳಿಗೆ ಹೋಗಿ ಬಂದಿತ್ತಂತೆ. ಅವರು ನಮಗೆ ಬೆನ್ನು ತಿರುಗಿಸಿ ಸಣ್ಣ ದನಿಯಲ್ಲಿ ಮಾತಾಡಿದರೂ ಆ ಬಯಲಿನಲ್ಲಿ ಎಲ್ಲ ಕೇಳಿಸಿತು.

"ಹೌದವ್ವಾ, ಶಿವನಪ್ಪನ ಮಾತಾಡೋದು. ಭಾಳ ಚಲೋ ಐತವ್ವಾ. ಹತ್ತಕ್ಕ ಹತ್ತ ಬರಕೋ."

ಅವರು ಹತ್ತಿರ ಬಂದಾಗ ಮಾವ ತಲೆ ಎತ್ತದೆ ಕೇಳಿದರು. "ಯಾವಾಗಿಂದ್ರಿ ಬೀಗರ?"

ಶಿವನಪ್ಪ ಫೋನು ಕಿಸೆಗೆ ಹಾಕಿದರು. "ತಂದ ವಾರದಿಂದ್ರಿ."

"ನಾ ಅಷ್ಟ ಸಲ ಕೇಳಿದೆ. ಯಾಕ ಹೇಳಲಿಲ್ರಿ?"

"ಹ್ಯಾಂಗ ಹೇಳ್ಲಿರಿ? ನಿಮ್ಮ ಮಾತಿನ ಮ್ಯಾಲ ತಂದ ಗಾಡಿ. ಅದು ಕೆಟ್ಟೈತಿ ಅಂದ್ರ ನಿಮ್ಮ ಮಾತ ಕೆಟ್ಟೈತಿ ಅಂದಂಗ ಆಗ್ತಿತ್ತು. ನನಗ ಬಾಯಿ ಬರಲಿಲ್ರಿ."

"ನನ್ನ ಮಾತ ಕೆಟ್ಟಿತ್ರಿ" ಅಂದರು ಮಾವ. "ನೀವು ಕೇಳಿದ ದಿನಾನೂ ನನ್ನ ಗಾಡಿ ಹಿಂಗ ಇತ್ತು. ಈಗೂ ಹುಬ್ಬಳ್ಯಾಗ ಬಿದ್ದೈತಿ. ಸಾದಾ ಸರ್ವಿಸ್ ಅಲ್ರಿ ಅದು."

ಶಿವನಪ್ಪ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಚಿ ಮಾವನ ಕೈಗೆ ಕೊಟ್ಟರು. ಮಾವ ಅದನ್ನು ಹಿಡಿದುಕೊಂಡೇ ಕೂತರು. ಬಾಯಿಗೆ ಹಾಕಲಿಲ್ಲ. ಗಿಡದ ಕೆಳಗಿಂದ ಪುಷ್ಪಾವತಿ, ಬೆವರು ಒರೆಸಿಕೊಳ್ಳುತ್ತ, ಅಪ್ಪನನ್ನೇ ಸಮಾಧಾನ ಮಾಡಿದಳು.

"ಚಿಂತಿ ಮಾಡಬ್ಯಾಡಪ್ಪಾ. ಎಲಿ ಅಡಕಿ ಮುಗಿಯೂದ್ರಾಗ ಚಾಲೂ ಆಕ್ಕೈತಿ. ನನಗ ರೂಢಿ ಆಗೈತಿ."

ಆ ಕೊನೆಯ ಮಾತಿಗೆ ಮಾವನ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ನೋಡದವನಂತೆ ರಸ್ತೆಯ ಕಡೆ ತಿರುಗಿದೆ. ಅಕ್ಕ ಸೆರಗಿನಿಂದ ಮಗಳಿಗೆ ಗಾಳಿ ಹಾಕುತ್ತಿದ್ದಳು. ಪರದೆಗೆ ಬೈಯುವ ಉಮೇದು ಅವಳಿಗೂ ಉಳಿದಿರಲಿಲ್ಲ.

ಗಾಡಿ ಚಾಲೂ ಆಗಲಿಲ್ಲ. ಎರಡನೇ ಸಲ ಬಾಗಿಲು ಹಾಕಿ ತೆರೆದರೂ ಆಗಲಿಲ್ಲ. ಕೊನೆಗೆ ನರಗುಂದದ ಕಡೆಯಿಂದ ರೋಣದ ಬಸ್ಸು ಬಂತು. ನಾನು ಅಡ್ಡ ನಿಂತು ಕೈ ಮಾಡಿದೆ. ಬೀಗರು ಗಾಡಿಯ ಹತ್ತಿರವೇ ಉಳಿದರು. ಪುಷ್ಪಾವತಿಯನ್ನು ಜೋಪಾನವಾಗಿ ಹತ್ತಿಸಿ, ಕುಬಸದ ಗಂಟುಗಳನ್ನು ಒಳಗೆ ತಳ್ಳಿದೆವು. ಯಾರೋ ಎದ್ದು ಅವಳಿಗೆ ಸೀಟು ಬಿಟ್ಟರು. ಕಂಡಕ್ಟರ್ ಕಿಟಕಿಯಿಂದ ಬಾಗಿ ಆ ದೊಡ್ಡ ಗಾಡಿಯನ್ನು ನೋಡಿದ. ಮಾವ ಅವನಿಗೆ ಗುರುತಿನವರೇ.

"ಏನ್ರಿ ಸಾವಕಾರ, ಅಷ್ಟ ದೊಡ್ಡ ಗಾಡಿ ಬಿಟ್ಟು ಬಸ್ಸಿಗೆ ಬಂದ್ರಿ? ನಿಮ್ಮಂತಾದ್ದ ಐತಲ್ಲ ಅದು. ನಮ್ಮ ಅಣ್ಣನೂ ಅದನ್ನ ತಗೋತೀನಿ ಅನ್ನಾಕತ್ತಾನ. ಹ್ಯಾಂಗೈತ್ರಿ?"

ಮಾವ ಮೆಟ್ಟಿಲ ಮೇಲೆ ನಿಂತು, ಬಿಸಿಲಿನಲ್ಲಿ ಹೊಳೆಯುತ್ತಿದ್ದ ಗಾಡಿಯನ್ನೂ ಅದರ ಪಕ್ಕದ ಬೀಗರನ್ನೂ ಒಮ್ಮೆ ನೋಡಿದರು. ಆಮೇಲೆ ಕಡಲೆ ಚೀಲದ ಮುಂದೆ ಕೂತಾಗಿನ ತಮ್ಮ ದನಿಯಲ್ಲಿ, ಬಸ್ಸೆಲ್ಲ ಕೇಳುವ ಹಾಗೆ ಹೇಳಿದರು.

"ಕೆಟ್ಟೈತ್ರಿ. ನಂದೂ ಕೆಟ್ಟೈತಿ. ತಗೋಬ್ಯಾಡ ಅಂತ ಹೇಳ್ರಿ ನಿಮ್ಮ ಅಣ್ಣಗ."