ದೊಡ್ಡದಾಗುತ್ತಾ ಹೋದ ಟಿಕಳಿ

ನಲವತ್ತೆಂಟನೇ ವಯಸ್ಸಿಗೆ ನಾನು ಬ್ಯೂಟಿಷಿಯನ್ ಕೋರ್ಸಿಗೆ ಸೇರಿದ್ದು ಚೆಲುವೆಯಾಗಲಿಕ್ಕಲ್ಲ, ಆ ಆಸೆ ಎಂದೋ ಬಿಟ್ಟಿದ್ದೆ. ಮಗಳು ಹಾಸ್ಟೆಲ್ ಸೇರಿದ ಮೇಲೆ ಮನೆಯಲ್ಲಿ ನನ್ನ ಚಿಂತೆಗೆ ಜನ ಸಾಲುತ್ತಿರಲಿಲ್ಲ, ಅಷ್ಟೇ. ಕೂಕಟ್‌ಪಲ್ಲಿಯ ನಮ್ಮ ಹಿಂದಿನ ಬೀದಿಯಲ್ಲಿ, ಸೀರೆ ಅಂಗಡಿಯ ಮೇಲಿನ ಕೋಣೆಯಲ್ಲಿ ಕ್ಲಾಸು. ಮೊದಲ ವಾರ ಕತ್ತರಿಯನ್ನೂ ಕ್ರೀಮನ್ನೂ ಮುಟ್ಟಗೊಡಲಿಲ್ಲ. ಬರೀ ಚರ್ಮದ ಪಾಠ. ಮೇಡಂ ಬೋರ್ಡಿನ ಮೇಲೆ ಮೂರು ಪದರ ಬರೆದು ಅರ್ಧ ತೆಲುಗು, ಅರ್ಧ ಹಿಂದಿಯಲ್ಲಿ ಹೇಳಿದರು. ಮೇಲಿನದು ಕಾಗದದಷ್ಟು ತೆಳು, ದಿನಾ ಉದುರಿ ದಿನಾ ಹುಟ್ಟುವಂಥದ್ದು. ಅದರ ತಳದಲ್ಲಿ ಮೈಬಣ್ಣ ತಯಾರಿಸುವ ಕಣಗಳು. ನಡುವಿನ ಪದರದಲ್ಲಿ ರಕ್ತನಾಳ, ನರ, ಬೆವರಿನ ಗ್ರಂಥಿ, ಕೂದಲಿನ ಬೇರು. ಎಲ್ಲಕ್ಕಿಂತ ಕೆಳಗೆ ಕೊಬ್ಬು. ಆ ಮೂರನೆಯದು ಓದದೆಯೂ ನನಗೆ ಚೆನ್ನಾಗಿ ಪರಿಚಯ.

ಆಮೇಲೆ ಬಂಗು, ಚಿಬ್ಬು, ಹುಳುಕಡ್ಡಿ, ನರಹುಲಿ ಎಲ್ಲದರ ಫೋಟೋ ತೋರಿಸಿದರು. “ಗುರುತು ಹಿಡೀರಿ, ಔಷಧ ಹೇಳಬೇಡಿ. ಎಲ್ಲಿ ಕೈ ಇಡಬಾರದು ಅಂತ ತಿಳಿಯೋಕೆ ಈ ಪಾಠ” ಎಂದರು.

ನನ್ನಂಥವಳಿಗೆ ಇಂಥದ್ದನ್ನು ಕಲಿಸಬಾರದು. ಆಟೋದವನ ಕುತ್ತಿಗೆಯ ಮೇಲೆ ಹುಳುಕಡ್ಡಿ ಕಂಡು ಸೀಟಿನ ತುದಿಗೆ ಸರಿದು ಕೂತೆ. ಯಜಮಾನರ ಬೆನ್ನಿನ ಮಚ್ಚೆಯನ್ನು ವಾರವಿಡೀ ಸ್ಕೇಲಿನಿಂದ ಅಳೆದೆ. “ಬೆಳದ್ರ ನಾನ ಹೇಳ್ತೀನಿ, ಆ ಸ್ಕೇಲ್ ಒಳಗ ಇಡು” ಎಂದರು ಅವರು. ನನ್ನ ತೋಳಿನ ಮೇಲೆದ್ದ ಕೆಂಪು ಗುಳ್ಳೆಗೆ ಮೂರು ದೊಡ್ಡ ಕಾಯಿಲೆಯ ಹೆಸರು ಇಟ್ಟೆ. ಅದು ಬೆವರುಸಾಲೆ. ಫ್ಯಾನ್ ಹಾಕಿದ ಮೇಲೆ ಹೋಯಿತು.

ಇಷ್ಟೆಲ್ಲ ಹುಡುಕಿದವಳಿಗೆ ಕಾಣದೇ ಹೋದದ್ದು ದಿನಾ ಎದುರಿಗೆ ಕೂತು ಚಹಾ ಕುಡಿಯುವ ಅತ್ತೆಯ ಹಣೆ.

ಅತ್ತೆ ಕಲಬುರಗಿಯವರು. ಟಿಕಳಿ ಇಲ್ಲದೆ ಬಾಗಿಲಿಗೂ ಬಂದವರಲ್ಲ. ಅಂಟಿಸಿಕೊಳ್ಳುವ ಬಿಂದಿಗೆ ನಮ್ಮ ಕಡೆ ಟಿಕಳಿ ಎನ್ನುತ್ತೇವೆ. ಆ ವರ್ಷ ಅದು ಬೆಳೆಯುತ್ತಿತ್ತು. ಹೆಸರುಕಾಳಿನಷ್ಟಿದ್ದದ್ದು ಕಡಲೆಕಾಳಾಯಿತು, ಆಮೇಲೆ ಅಂಗಿ ಗುಂಡಿಯಾಯಿತು. “ಇನ್ನ ಎರಡ ತಿಂಗಳಿಗೆ ನಿಮ್ಮತ್ತಿ ಮಾರಿ ಕಾಣಂಗಿಲ್ಲವಾ, ಟಿಕಳಿ ಒಂದ ಕಾಣತೈತಿ” ಎಂದರು ಮಾವ. ಒಂದಕ್ಕೆ ಹತ್ತು ತಿರುಗಿಸಿ ಕೊಡುವ ಅತ್ತೆ ಅಂದು ಸುಮ್ಮನೆ ಎದ್ದು ಹೋದರು.

ಆ ಹೊತ್ತಿಗೆ ನಾಚಾರಂನಲ್ಲಿ ಅವರ ತಂಗಿಯ ಮೊಮ್ಮಗಳ ಕುಬಸ ನಿಶ್ಚಯವಾಗಿತ್ತು. ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಶಾಸ್ತ್ರ. ಆ ಮನೆಯಲ್ಲಿ ಮೊದಲ ಉಡಿ ಯಾವಾಗಲೂ ಅತ್ತೆಯ ಕೈಯದು. “ಮೊಣಕಾಲ ನೋವೈತಿ, ನಾ ಒಲ್ಲೆ” ಅಂದುಬಿಟ್ಟರು. ಹಿಂದಿನ ದಿನವಷ್ಟೇ ಲಿಫ್ಟ್ ಕೆಟ್ಟಿತ್ತೆಂದು ನಾಲ್ಕು ಮಹಡಿ ಹತ್ತಿದ್ದರು.

ಕುಬಸಕ್ಕೆ ಎಂಟು ದಿನ ಇರುವಾಗ ನನಗೆ ಫೇಶಿಯಲ್‌ಗೆ ಕೈ ಪಳಗಿಸಲಿಕ್ಕೆ ಒಂದು ಮುಖ ಬೇಕಾಯಿತು. ಯಜಮಾನರು ಶೇವಿಂಗ್ ನೆಪ ಹೇಳಿ ತಪ್ಪಿಸಿಕೊಂಡರು. ಕಾಡಿ ಬೇಡಿ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿದೆ.

“ಮಾಡು. ಟಿಕಳಿ ಮಾತ್ರ ಮುಟ್ಟಬ್ಯಾಡ.”

“ಹಣಿ ಬಿಟ್ಟು ಹೆಂಗ ಮಾಡ್ಲಿರಿ ಅತ್ತಿ? ಹೆಲ್ಮೆಟ್ ಹಾಕ್ಕೊಂಡು ಮಾರಿ ತೊಳಕೊಂಡಂಗ ಆಗತೈತಿ.”

ಕೇಳಲಿಲ್ಲ. ಆದರೆ ಬಿಸಿನೀರಿನ ಹಬೆಗೆ ಟಿಕಳಿಯ ಅಂಚು ಎದ್ದು, ಅದು ಮೆಲ್ಲಗೆ ಜಾರಿ ಅವರ ಮಡಿಲಿಗೆ ಬಿತ್ತು. ಹಣೆಯ ಮೇಲೆ ಬಿಳಿ ಮಚ್ಚೆ.

ಅತ್ತೆ ಅಂಗೈಯಿಂದ ಮುಚ್ಚಿಕೊಂಡರು. “ತೊನ್ನು ಐತಿ. ಯಾರ ಮುಂದೂ ಅನಬ್ಯಾಡ. ಇಂಥಾಕಿ ಬಸರಿಗೆ ಉಡಿ ತುಂಬಲೇನು?”

ನಾಲ್ಕು ತಿಂಗಳಿಂದ ಒಬ್ಬರೇ ಹೊತ್ತುಕೊಂಡಿದ್ದರು. ಬಿಳುಪು ಇಣುಕಿದಂತೆಲ್ಲ ಮುಚ್ಚಲಿಕ್ಕೆ ಇನ್ನೊಂದು ಅಳತೆ ದೊಡ್ಡ ಟಿಕಳಿ. ಊರಿನವರ ಚಿಂತೆಯನ್ನೆಲ್ಲ ಗುತ್ತಿಗೆ ಹಿಡಿದವಳು ನಾನು, ನನ್ನ ಮನೆಯಲ್ಲೇ ಇನ್ನೊಬ್ಬರು ಸದ್ದಿಲ್ಲದೆ ಚಿಂತೆ ಮಾಡುತ್ತಿದ್ದರು!

ವಿಚಿತ್ರವೆಂದರೆ ಆ ಕ್ಷಣ ನನಗೆ ಗಾಬರಿಯಾಗಲಿಲ್ಲ. ನೋಡುವುದರಲ್ಲಿ ಮುಳುಗಿಬಿಟ್ಟಿದ್ದೆ. ಹೊಟ್ಟಿಲ್ಲ, ತುರಿಸಿದ ಗುರುತಿಲ್ಲ. ಅಂಚು ಮಾತ್ರ ಎಷ್ಟು ದುಂಡಗೆ!

“ಅತ್ತಿ, ತೊನ್ನು ಕಂಪಾಸ್ ಹಿಡಕೊಂಡು ಬರತೈತೇನ್ರಿ?”

ಬಚ್ಚಲುಮನೆಯ ಕನ್ನಡಿಗೆ ಅವರು ಅಂಟಿಸಿಟ್ಟಿದ್ದ ಹಳೆಯ ಟಿಕಳಿಗಳನ್ನು ಕಿತ್ತು ತಂದೆ. ಒಂದೊಂದಾಗಿ ಮಚ್ಚೆಯ ಪಕ್ಕ ಹಿಡಿದರೆ, ಮೂರನೆಯದು ಅದರ ಪಡಿಯಚ್ಚು. ಕೈಗನ್ನಡಿಯಲ್ಲಿ ಅತ್ತೆ ಬಹಳ ಹೊತ್ತು ನೋಡಿದರು.

“ಹಂಗಾರ ಇದು ಟಿಕಳಿ ಕೆಲಸಾ?”

“ನಾ ಹೇಳೂಹಂಗಿಲ್ಲ, ಮೇಡಂ ಬೈತಾರ. ಡಾಕ್ಟರ್ ಹೇಳಬೇಕು.”

ಹಾಗೆಂದದ್ದೇ ತಡ, ತಪ್ಪಿಸಿಕೊಂಡಿದ್ದ ಗಾಬರಿ ಬಳಗ ಸಮೇತ ಬಂತು. ನನ್ನ ಊಹೆ ಸುಳ್ಳಾದರೆ? ಸುಮ್ಮನೆ ಆಸೆ ಹುಟ್ಟಿಸಿದೆನೇ?

ಮರುದಿನ ಮಾವನನ್ನೂ ಕರೆದುಕೊಂಡು ಚರ್ಮದ ಡಾಕ್ಟರ ಹತ್ತಿರ ಹೋದೆವು. ಆಕೆ ಭೂತಗನ್ನಡಿ ಹಿಡಿದು, ದೀಪ ಹಾಯಿಸಿ, ಕೈಕಾಲು ತುಟಿ ಎಲ್ಲ ನೋಡಿದರು. ಬೇರೆಲ್ಲೂ ಮಚ್ಚೆಯಿಲ್ಲ. ಟಿಕಳಿಯ ಅಂಟಿನಲ್ಲಿರುವ ಯಾವುದೋ ರಾಸಾಯನಿಕ ಬಣ್ಣದ ಕಣಗಳನ್ನು ಕೆಡಿಸಿದೆ, ದೊಡ್ಡದು ಹಚ್ಚಿದಷ್ಟೂ ಮಚ್ಚೆ ಹರಡಿದೆ ಎಂದರು. ಮುಲಾಮು ಬರೆದರು. ಬಣ್ಣ ತಿಂಗಳುಗಟ್ಟಲೆ ನಿಧಾನಕ್ಕೆ ಮರಳಬಹುದು, ಪೂರ್ತಿ ಮರಳದೆಯೂ ಇರಬಹುದು. ಕುಬಸದ ವಿಷಯ ನಾನು ಹಿಂದಿಯಲ್ಲಿ ಕೇಳಿದೆ, ಹಿಂದಿಯಲ್ಲೇ ಹೇಳಿದರು: “ತೊನ್ನೇ ಆಗಿದ್ದರೂ ಮುಟ್ಟಿದರೆ ಅಂಟುವಂಥದ್ದಲ್ಲಮ್ಮ. ಹೋಗಿ ಉಡಿ ತುಂಬಿ. ಆದರೆ ಹಣೆಗೆ ಸದ್ಯ ಮುಲಾಮು ಬಿಟ್ಟು ಏನೂ ಹಚ್ಚಬೇಡಿ.”

“ಬರೇ ಹಣೀಲೆ ಮುತ್ತೈದಿ ಹೆಂಗ ಹೋಗ್ಲಿ?” ಅತ್ತೆಯ ದನಿ ಕುಗ್ಗಿತು.

“ನಾ ಬರ್ತೀನಲ್ಲ ಜೋಡಿ” ಎಂದರು ಮಾವ. “ಗಂಡ ಬದುಕ್ಯಾನ ಅಂತ ಎಲ್ಲಾರಿಗೂ ಕಾಣತೈತಿ.”

ಕನ್ನಡ ಅರ್ಥವಾಗದಿದ್ದರೂ ಡಾಕ್ಟರು ನಕ್ಕರು. ಅತ್ತೆ ಮಾವನ ತೊಡೆ ಚಿವುಟಿದರು. ನಾಲ್ಕು ತಿಂಗಳ ಮೇಲೆ ಮೊದಲ ಚಿವುಟು.

ಕುಬಸದ ದಿನ ಬೈತಲೆಯ ತುದಿಗೆ ಒಂದು ಗೆರೆ ಕುಂಕುಮ ಎಳೆದುಕೊಂಡು, ಬಿಳಿ ಮಚ್ಚೆ ಕಾಣುವಂತೆಯೇ ಹೋದರು. ಬಾಗಿಲಲ್ಲಿ ಒಬ್ಬಾಕೆ ಹಣೆಯನ್ನೇ ದಿಟ್ಟಿಸಿದಳು. ಅವಳು ಬಾಯಿ ತೆರೆಯುವ ಮೊದಲೇ ಅತ್ತೆ “ಟಿಕಳಿ ಗೋಂದು ಮಾಡಿದ್ದವಾ” ಎಂದು ಒಳನಡೆದರು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಬಾಳೆಹಣ್ಣು ಉಡಿಗೆ ಬಿದ್ದವು. ಬಸುರಿ ಕಾಲಿಗೆರಗಿದಾಗ ಅವಳ ಎರಡೂ ಕೆನ್ನೆ ಹಿಡಿದು ಎತ್ತಿದರು.

ಊಟದ ಹೊತ್ತಿಗೆ ಒಬ್ಬಳು ತನ್ನ ಟಿಕಳಿ ಕಿತ್ತು, “ಅಕ್ಕಾರ, ನಂದೊಮ್ಮೆ ನೋಡ್ರಿ” ಎಂದು ಬಂದಳು. ಅವಳ ಹಿಂದೆ ಇನ್ನಿಬ್ಬರು. ಅತ್ತೆ ಚಷ್ಮಾ ಏರಿಸಿ, “ಬೆಳಕಿಗೆ ಬಾ. ಮ್ಯಾಲಿಂದು ಕಾಗದದಷ್ಟ ತೆಳು ಇರತೈತಿ, ತಿಳೀತಾ?” ಎಂದು, ನಾನು ಮನೆಯಲ್ಲಿ ಒಪ್ಪಿಸುತ್ತಿದ್ದ ಪಾಠ ಶುರು ಮಾಡಿದರು. ಕೋರ್ಸಿಗೆ ಹೋಗುವವಳು ನಾನು; ತಟ್ಟೆ ಹಿಡಿದು ಹತ್ತಿರ ಹೋದೆ.

“ನೀ ಸುಮ್ನ ಉಣ್ಣು. ನಾ ನೋಡಾಕತ್ತೀನಿ.”